ತಲೆಯಾಡಿಸುವ ಮರ್ಯಾದೆ

ಮದುವೆಯಾಗಿ ಹೊರಡುವ ಹೆಣ್ಣಿಗೆ ನಮ್ಮೂರಿನಲ್ಲಿ ತವರಿನವರು ಒಂದು ಡಬ್ಬಿ ಕಲ್ಲುಸಕ್ಕರೆ ಕೊಡುತ್ತಾರೆ. ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬು ಎಲ್ಲ ಹಾಕಿ ಮುಗಿದ ಮೇಲೆ, ಯಾರ ಕಣ್ಣಿಗೂ ಬೀಳದಂತೆ ತಾಯಿ ಅದನ್ನು ಮಗಳ ಟ್ರಂಕಿನ ಮೂಲೆಗೆ ತುರುಕುತ್ತಾಳೆ. ನನ್ನವ್ವ ಕೊಟ್ಟದ್ದು ತಗಡಿನ ಡಬ್ಬಿ, ಮುಚ್ಚಳದ ಮೇಲೆ ನವಿಲಿನ ಚಿತ್ರ. "ಸಿಟ್ಟು ಬಂದಾಗ ಒಂದು ಹರಳು ಬಾಯಾಗ ಇಟ್ಕೋ. ಅದು ಕರಗೂತನಕ ತುಟಿ ಬಿಚ್ಚಬ್ಯಾಡ" ಎಂದಳು. ಗಂಡುಮಕ್ಕಳಿಗೆ ಯಾರಾದರೂ ಇಂಥ ಡಬ್ಬಿ ಕೊಟ್ಟದ್ದನ್ನು ನಾನು ಕಂಡಿಲ್ಲ.

ಸಿಟ್ಟಿನಲ್ಲಿ ಆಡಿದ ಮಾತು ನಮ್ಮೂರಿನಲ್ಲಿ, ಯಾರಿಗೆ ಆಡಿದೆವೋ ಅವರಿಗೆ ಕೇಳಿಸುವುದಿಲ್ಲ. ಸುತ್ತ ಇದ್ದವರಿಗೆಲ್ಲ ಕೇಳಿಸುತ್ತದೆ, ಅವರೊಬ್ಬರಿಗೆ ಮಾತ್ರ ಇಲ್ಲ. ಗಾಳಿಗೆ ದೀಪ ಆರಿದ ಹಾಗೆ ಅವರ ಪಾಲಿಗೆ ನಮ್ಮ ದನಿ ಆರಿಹೋಗುತ್ತದೆ. ತುಟಿ ಆಡುವುದಷ್ಟೇ ಕಾಣುತ್ತದೆ. ಹಾಗಾಗಿ ಇಲ್ಲಿ ಎರಡು ಮರ್ಯಾದೆಗಳನ್ನು ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಕಲಿಸುತ್ತಾರೆ. ಒಂದು, ಬೇರೆಯವರ ಸಿಟ್ಟಿಗೆ ಕಿವಿ ಕೊಡಬಾರದು. ಅದು ಇನ್ನೊಬ್ಬರ ಬಚ್ಚಲಲ್ಲಿ ಇಣುಕಿದಷ್ಟೇ ಕೆಟ್ಟದ್ದು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಎದ್ದು ಹೋಗಬೇಕು. ಇನ್ನೊಂದು, ಎದುರಿಗಿದ್ದವರ ದನಿ ಆರಿದರೆ, ಅವರ ತುಟಿ ನಿಲ್ಲುವವರೆಗೆ ನಾವು ಸುಮ್ಮನೆ ತಲೆಯಾಡಿಸುತ್ತಿರಬೇಕು. ಕೇಳಿಸದ ಮಾತಿಗೆ ಕೊಡುವ ಗೌರವ ಅದು.

ಇದರೊಂದಿಗೆ ಎಲ್ಲರೂ ಹೊಂದಿಕೊಂಡು ಬದುಕಿದ್ದೇವೆ. ತೂಕದಲ್ಲಿ ಮೋಸವಾಯಿತೆಂದು ಗಿರಾಕಿಯ ದನಿ ಆರಿದರೆ ತರಕಾರಿಯವಳು ತಲೆಯಾಡಿಸುತ್ತಲೇ ಬದನೆಕಾಯಿಗೆ ನೀರು ಚಿಮುಕಿಸುತ್ತಾಳೆ. ಶಾಲೆಯಲ್ಲಿ ಬೈಸಿಕೊಳ್ಳುವ ಹುಡುಗನಿಗೆ ಮಾಸ್ತರರ ಮೀಸೆ ಮಾತ್ರ ಮೇಲೆ ಕೆಳಗೆ ಆಗುವುದು ಕಾಣುತ್ತದೆ, ಮಿಕ್ಕವರು ಕಿವಿ ಮುಚ್ಚಿಕೊಂಡು ಕೂತಿರುತ್ತಾರೆ. ಮಾತು ಆರಿದರೂ ಪಾತ್ರೆ ಕುಕ್ಕಿದ ಸದ್ದು ಆರುವುದಿಲ್ಲ. ಆದ್ದರಿಂದ ನಮ್ಮೂರಿನ ಯಾವ ಮನೆಗೆ ಹೋದರೂ ನೆಗ್ಗದ ತಂಬಿಗೆ ಸಿಗುವುದಿಲ್ಲ.

ಇಂಥ ಊರಿನಲ್ಲಿ ಜಗಳಕ್ಕೆ ಜಾಗವೇ ಇಲ್ಲ, ಎಷ್ಟು ತಣ್ಣಗಿನ ಊರು ನಮ್ಮದು ಎಂದು ಚಿಕ್ಕವಳಿದ್ದಾಗ ನನಗೂ ಅನ್ನಿಸುತ್ತಿತ್ತು. ಗಂಡನ ಮನೆಗೆ ಬಂದ ಮೇಲೆ ಬೇರೆ ಏನೋ ಕಾಣತೊಡಗಿತು. ಬೇಕಾದದ್ದೆಲ್ಲ ಕೇಳುವ ಮೊದಲೇ ಕೈಗೆ ಬರುವವರಿಗೆ ಸಿಟ್ಟು ಯಾಕೆ ಬಂದೀತು? ಅವರು ಮೆಲ್ಲಗೆ ಹೇಳುತ್ತಾರೆ, ಹೇಳಿದ್ದೆಲ್ಲ ಎಲ್ಲರಿಗೂ ಕೇಳಿಸುತ್ತದೆ. ಕೇಳಿ ಕೇಳಿ ಸಾಕಾದವರಿಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದ ಕೂಡಲೇ ದನಿ ಆರುತ್ತದೆ. ಆಮೇಲೆ ಎದುರಿನವರು ತಲೆಯಾಡಿಸುತ್ತಾರೆ, ಬದುಕು ಮೊದಲಿನಂತೆಯೇ ಮುಂದುವರಿಯುತ್ತದೆ.

ನನ್ನ ಭಾವ, ಅಂದರೆ ಗಂಡನ ಅಣ್ಣ ಪಂಪಾಪತಿಯವರ ದನಿ ಆರಿದ್ದನ್ನು ಊರಿನಲ್ಲಿ ಒಬ್ಬರೂ ನೋಡಿರಲಿಲ್ಲ. ಅದಕ್ಕೇ ಅವರನ್ನು ಹಿರಿಯರೆಂದು ಚಾವಡಿಯ ಕಟ್ಟೆಗೆ ಕೂರಿಸಿದ್ದರು. ಊರಿನ ವ್ಯಾಜ್ಯಗಳಿಗೆ ಅವರೇ ನ್ಯಾಯ ಹೇಳುತ್ತಿದ್ದರು, ಆ ಕಟ್ಟೆಯ ಮೇಲೆ ಕೂತವರಿಗೆ ಮಾತ್ರ ಪರರ ಸಿಟ್ಟನ್ನು ಕೇಳುವ ಹಕ್ಕಿತ್ತು. ತೆಳ್ಳಗೆ, ಬೆಳ್ಳಗೆ, ಇಸ್ತ್ರಿ ಮಾಡಿದ ಜುಬ್ಬಾ. ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅವರ ಹೆಂಡತಿ ಇದ್ದಷ್ಟು ಕಾಲ ದವಡೆಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡೇ ಇದ್ದು, ಹಲ್ಲೆಲ್ಲ ಹುಳುಕಾಗಿ, ಒಂದು ಜ್ವರದಲ್ಲಿ ಹೋಗಿಬಿಟ್ಟರು. ನಾನು ಬಂದ ಹೊಸತರಲ್ಲಿ, "ನಕ್ಕರ ಹಲ್ಲು ಕಾಣ್ತಾವು, ಅದಕ್ಕ ನಗಂಗಿಲ್ಲ" ಎಂದು ನನಗೆ ಹೇಳಿದ್ದರು.

ನನ್ನ ಗಂಡ ರೇವಣ್ಣ ನೀರಿನ ವಾಲ್ವು ತಿರುಗಿಸುವ ಕೆಲಸದವರು. ಯಾವ ಓಣಿಗೆ ಯಾವಾಗ ನೀರು ಬಿಡಬೇಕೆಂದು ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗಿಟ್ಟುಕೊಂಡು ಊರೆಲ್ಲ ಸುತ್ತುತ್ತಾರೆ. ಒಳ್ಳೆಯ ಮನುಷ್ಯ. ಅಣ್ಣನ ಎದುರು ನನ್ನ ದನಿ ಆರುವ ಸೂಚನೆ ಸಿಕ್ಕರೆ ಸಾಕು, ಕೀಲಿ ಎತ್ತಿಕೊಂಡು ಹೊರಡುವರು. ಕಿವಿ ಮುಚ್ಚಿಕೊಳ್ಳಬೇಕು, ಕೀಲಿಯನ್ನೂ ಹಿಡಿಯಬೇಕು, ಎರಡೂ ಆಗದೆ ಬಾಗಿಲಲ್ಲಿ ಒದ್ದಾಡುವರು. ಅದನ್ನು ನೋಡಿದರೆ ನನಗೆ ಸಿಟ್ಟಿನ ನಡುವೆಯೂ ನಗು ಬರುತ್ತಿತ್ತು.

ನಮ್ಮ ಮನೆಗೆ ಬೀದಿಗೆ ತೆರೆಯುವ ಒಂದು ಕೋಣೆ ಇದೆ. ಮಗಳು ದೂರದ ಶಾಲೆಗೆ ಹೋದ ಮೇಲೆ ಅಲ್ಲಿ ನಾನು ಕೌದಿ ಹೊಲಿಯಲು ಕೂತೆ. ಹಳೆಯ ಸೀರೆ, ಮಕ್ಕಳಿಗೆ ಗಿಡ್ಡವಾದ ಲಂಗ, ಸತ್ತವರ ಧೋತರ, ಎಲ್ಲವನ್ನೂ ಪದರ ಪದರವಾಗಿ ಹಾಸಿ, ಸುತ್ತ ನಾಲ್ಕೈದು ಜನ ಕೂತು ಹೊಲಿಗೆ ಹಾಕಬೇಕು. ಅಷ್ಟು ಅಗಲದ ನೆಲ ಮನೆಯಲ್ಲಿ ಬೇರೆಲ್ಲೂ ಇಲ್ಲ. ಮೊದಲು ಪಕ್ಕದ ಮನೆಯ ಕಾಶವ್ವ ಬಂದಳು, ಆಮೇಲೆ ಓಣಿಯ ಇನ್ನಷ್ಟು ಹೆಂಗಸರು. ಮೂಲೆಯಲ್ಲಿ ಗೋಡೆಗೊರಗಿ ಅತ್ತೆ ತುಂಗವ್ವ ಕೂರುತ್ತಿದ್ದರು. ಮೊಣಕಾಲು ಸೋತಿದ್ದರೂ ಕಣ್ಣು ಚೂಪು, ನಮ್ಮೆಲ್ಲರ ಸೂಜಿಗೆ ದಾರ ಪೋಣಿಸಿ ಕೊಡುವುದು ಅವರ ಕೆಲಸ. ಮಾತು ಕಡಿಮೆ. ಅವರು ಹಿರಿಮಗನಿಗೆ ಎದುರಾಡಿದ್ದನ್ನು ನಾನು ನೋಡಿರಲಿಲ್ಲ.

ಆ ಕೋಣೆಯಲ್ಲಿ ಒಂದು ಸಂಗತಿ ತಾನಾಗಿಯೇ ನಡೆಯಿತು. ಯಾರೂ ಯೋಜನೆ ಮಾಡಿದ್ದಲ್ಲ. ಹೊಲಿಯುತ್ತ ಹೊಲಿಯುತ್ತ ಒಬ್ಬಳಿಗೆ ಗಂಡನ ಮೇಲಿನ ಸಿಟ್ಟು ಉಕ್ಕುತ್ತಿತ್ತು, ಇನ್ನೊಬ್ಬಳಿಗೆ ನಾದಿನಿಯ ಮೇಲೆ. ನಿಯಮದ ಪ್ರಕಾರ ನಾವು ಕಿವಿ ಮುಚ್ಚಿಕೊಳ್ಳಬೇಕಿತ್ತು. ಆದರೆ ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ಬಟ್ಟೆಯ ಪದರ. ಮುಚ್ಚಿಕೊಳ್ಳುವುದು ಹೇಗೆ? ಹಾಗಾಗಿ ಕೇಳಿಸುತ್ತಿತ್ತು. ಕೇಳಿಸಿದ್ದನ್ನು ಯಾರೂ ಹೊರಗೆ ಒಯ್ಯುತ್ತಿರಲಿಲ್ಲ, ಹೊಲಿಗೆ ಮಾತ್ರ ಸ್ವಲ್ಪ ಬಿಗಿಯಾಗುತ್ತಿತ್ತು. ತನ್ನ ಸಿಟ್ಟನ್ನು ಒಬ್ಬರಾದರೂ ಕೇಳಿದರು ಎನ್ನುವ ಹಗುರ ಮುಖಗಳಲ್ಲಿ ಕಾಣುತ್ತಿತ್ತು. ಅದನ್ನು ನಾನು ಊರಿನ ಬೇರೆ ಯಾವ ಜಾಗದಲ್ಲೂ ಕಂಡಿಲ್ಲ.

ಕಾಶವ್ವನ ಹುಣಸೆಮರದ ಕಥೆ ನನಗೆ ಗೊತ್ತಾದದ್ದೂ ಹಾಗೆಯೇ. ತವರಿನ ಹುಣಸೆಮರದಲ್ಲಿ ಅವಳಿಗೂ ಪಾಲಿತ್ತು. ತಮ್ಮ ಬಿಡಲೊಲ್ಲ. ಭಾವನ ಕಟ್ಟೆಯ ಮುಂದೆ ಅವನ ದನಿ ಆರಿತು, ಇವಳು ಮರ್ಯಾದೆಗೆ ತಲೆಯಾಡಿಸಿದಳು. ಅವನು ಕೇಳಿದ್ದು, ಮರ ಬಿಟ್ಟುಕೊಡುತ್ತೀಯೋ ಇಲ್ಲವೋ ಎಂದು. ಇವಳಿಗೆ ಕೇಳಿಸಿರಲಿಲ್ಲ, ಭಾವನಿಗೆ ಕೇಳಿಸಿತ್ತು. "ತಲಿ ಆಡಿಸಿದಿ ತಂಗಿ. ಆಡಿಸಿದ ಮ್ಯಾಲ ಮುಗೀತು" ಎಂದು ಅವರು ಮೆತ್ತಗೆ ನ್ಯಾಯ ಹೇಳಿದರು. ಆ ವರ್ಷದಿಂದ ಕಾಶವ್ವ ಸಾರಿಗೆ ಹುಣಸೆಹಣ್ಣನ್ನು ಸಂತೆಯಿಂದ ತರುತ್ತಾಳೆ.

ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಭಾವ, ಬೀದಿ ಕೋಣೆಯನ್ನು ಅವರ ಗೆಳೆಯರ ಮಗನಿಗೆ ಜೆರಾಕ್ಸ್ ಅಂಗಡಿ ಹಾಕಲು ಕೊಡುವುದಾಗಿ ಹೇಳಿದರು. ಕೇಳಿದ್ದಲ್ಲ, ಹೇಳಿದ್ದು. ಕೌದಿಯನ್ನು ಎಲ್ಲಿ ಕೂತೂ ಹೊಲಿಯಬಹುದು, ಹಿತ್ತಲಿನಲ್ಲಿ ಬೆಳಕೂ ಚೆನ್ನಾಗಿದೆ ಎಂದರು. ಹಿತ್ತಲಿನಲ್ಲಿ ಬೆಳಕು ಚೆನ್ನಾಗಿದ್ದದ್ದು ಅವರು ನನ್ನ ನುಗ್ಗೆಮರ ಕಡಿಸಿದ ಮೇಲೆ. ಅಲ್ಲಿ ಬರೀ ಮಣ್ಣು, ಬಚ್ಚಲ ನೀರಿನ ಕಾಲುವೆ. ಕೌದಿ ಹಾಸುವುದೆಲ್ಲಿ? ಬೀದಿಯ ಬಾಗಿಲಿಂದ ಬರುತ್ತಿದ್ದ ಹೆಂಗಸರು ಇಡೀ ಮನೆಯನ್ನು ಹಾದು, ಭಾವನ ಮುಂದೆ ತಲೆ ತಗ್ಗಿಸಿಕೊಂಡು, ಹಿತ್ತಲಿಗೆ ಬರುತ್ತಾರೆಯೇ?

ನಾನು ಒಳಗೆ ಹೋಗಿ ನವಿಲಿನ ಡಬ್ಬಿ ತೆಗೆದೆ. ಹರಳು ಪೂರ್ತಿ ಕರಗುವವರೆಗೆ ಒಲೆಯ ಮುಂದೆ ನಿಂತೆ. ಆಮೇಲೆ ಹೊರಗೆ ಬಂದು, ಆ ಕೋಣಿ ನಮಗ ಇದ್ರ ಛಲೋ ಆಗ್ತಿತ್ತು ಎಂದೆ. ಭಾವನಿಗೆ ಸ್ಪಷ್ಟವಾಗಿ ಕೇಳಿಸಿತು. ಹೌದು, ಛಲೋ ಆಗ್ತಿತ್ತು ಎಂದು ಅವರೂ ಒಪ್ಪಿಕೊಂಡು, ಪೇಪರಿನ ಪುಟ ತಿರುವಿದರು. ಸಕ್ಕರೆಯ ಜೊತೆಗೆ ನನ್ನ ಮಾತಿನೊಳಗಿನ ಏನೋ ಕರಗಿಹೋಗಿತ್ತು. ಇನ್ನರ್ಧ ಲೋಟ ಚಹಾ ಕೇಳಿದ ಹಾಗೆ ಅಷ್ಟು ಸಣ್ಣದಾಗಿ ಬಂದಿತ್ತು ಅದು. ಸಿಟ್ಟಿನಲ್ಲಿ ಹೇಳಿದರೆ ಕೇಳಿಸುವುದಿಲ್ಲ, ಸಿಟ್ಟು ಬಿಟ್ಟು ಹೇಳಿದರೆ ಹೇಳಬೇಕಾದದ್ದೇ ಉಳಿಯುವುದಿಲ್ಲ. ಇದನ್ನು ನನ್ನವ್ವ ನನಗೆ ಹೇಳಿರಲಿಲ್ಲ. ಅವಳಿಗೆ ಗೊತ್ತಿರಲಿಲ್ಲ ಎಂದೇನೂ ನನಗೆ ಅನ್ನಿಸುವುದಿಲ್ಲ.

ಜೆರಾಕ್ಸ್ ಅಂಗಡಿಯವನು ಅಳತೆಗೆ ಬರಬೇಕಾದ ದಿನವೂ ನಾವು ಕೂತಿದ್ದೆವು. ಕಾಶವ್ವನ ಮಗಳ ಬಾಣಂತನಕ್ಕೆಂದು ಕೌದಿ ಅರ್ಧ ಹೊಲಿದಾಗಿತ್ತು. ನಡುವೆ ಅವಳ ಸತ್ತ ತಾಯಿಯ ಇಳಕಲ್ ಸೀರೆಯ ಕೆಂಪು ಸೆರಗು. ಭಾವ ಒಳಗೆ ಬಂದು, ಎಲ್ಲರನ್ನೂ ವಿಚಾರಿಸಿ, ಬಗ್ಗಿ, ಕೌದಿಯ ಒಂದು ತುದಿ ಹಿಡಿದು ಮಡಚತೊಡಗಿದರು. ಹೆಂಗಸರ ಸೂಜಿಗಳು ಇನ್ನೂ ಅದರಲ್ಲೇ ಚುಚ್ಚಿಕೊಂಡಿದ್ದವು. ಅದನ್ನ ಮುಟ್ಟಬ್ಯಾಡ್ರಿ ಎಂದೆ. ಅದು ಕೇಳಿಸಿತು ಅವರಿಗೆ, ಕೈ ಒಂದು ಗಳಿಗೆ ನಿಂತಿತು. ನಂತರ ನಕ್ಕು, "ಬರೇ ಮಡಚತೀನಿ ಚಂಪಾ, ಹರಿಯಂಗಿಲ್ಲ" ಎಂದು ಮತ್ತೆ ಮಡಚಿದರು.

ನನ್ನ ಕಿವಿಯ ಹಿಂದೆ ಬಿಸಿ ಏರಿತು. ನನ್ನ ಮುಖ ನೋಡಿದ್ದೇ, ಅಣ್ಣನ ಹಿಂದೆಯೇ ಬಂದಿದ್ದ ರೇವಣ್ಣ ಕೀಲಿ ತಗೊಂಡು ಹೊರಗೆ ಹೋದರು. ಹೆಂಗಸರು ಸೆರಗನ್ನು ಕಿವಿಗೊತ್ತಿಕೊಂಡು ಒಬ್ಬರ ಹಿಂದೊಬ್ಬರು ಮನೆಯ ಮುಂದಿನ ಕಟ್ಟೆಗಿಳಿದರು. ಭಾವನ ಎದುರು ಅವರು ಬೇರೆ ಏನು ಮಾಡಿಯಾರು? ಡಬ್ಬಿ ಅಡುಗೆಮನೆಯಲ್ಲಿತ್ತು. ನಾನು ತರಲು ಹೋಗಲಿಲ್ಲ.

"ಈ ಮನಿಗೆ ಬಂದಾಗಿಂದ ನೀವು ಹೇಳಿದ್ದು ಒಂದೂ ಬಿಡದಂಗ ನನಗ ಕೇಳಿಸೇತಿ. ನಾ ಹೇಳಿದ್ದು ನಿಮಗ ಒಮ್ಮೆರ ಕೇಳಿಸೇತೇನ್ರಿ? ಮಗಳನ್ನ ದೂರ ಕಳಸೂದು ನೀವು ಹೇಳಿದ್ರಿ. ನುಗ್ಗಿಮರ ಕಡಸೂದು ನೀವು ಹೇಳಿದ್ರಿ. ಯಾವ ಸೀರಿ ಉಟಗೊಂಡು ಹೊರಗ ಹೋಗಬೇಕು ಅನ್ನೂದೂ ನೀವ ಹೇಳಿದ್ರಿ, ಮೆತ್ತಗ. ನಿಮ್ಮ ಮೆತ್ತಗಿನ ಮಾತು ಹತ್ತಿ ಅಲ್ರಿ ಭಾವ, ಒದ್ದಿ ಅರಬಿ. ಮಾರಿ ಮ್ಯಾಲ ಹಾಕಿದ್ರ ಉಸರು ಕಟ್ಟತೈತಿ. ಇಲ್ಲಿ ಕುಂತವರು ಒಬ್ರ ಮಾತು ಒಬ್ರು ಕೇಳ್ತಾರ, ಇಡೀ ಊರಾಗ ಇದೊಂದ ಜಾಗ. ಈ ಕೋಣಿ ನಮಗ ಬಿಡ್ತೀರೋ ಇಲ್ಲೋ? ಹೇಳ್ರಿ. ಬಿಡ್ತೀರೋ ಇಲ್ಲೋ?"

ಲೆಕ್ಕ ಹಾಕಿ ಕೇಳಿದ್ದಲ್ಲ ಅದು. ಬಾಯಿಗೆ ಬಂದದ್ದು. ಭಾವ ಕೌದಿಯ ತುದಿ ಹಿಡಿದುಕೊಂಡೇ ನನ್ನ ತುಟಿ ನೋಡುತ್ತಿದ್ದರು, ಎಂದಿನ ಶಾಂತ ಮುಖ. ನಾನು ನಿಲ್ಲಿಸಿದಾಗ ಎಂದಿನಂತೆ ಎರಡು ಸಲ ತಲೆಯಾಡಿಸಿದರು, ಅಳುವ ಕೂಸನ್ನು ಸಮಾಧಾನ ಮಾಡುವವರ ಹಾಗೆ.

"ಆತು. ಒಪ್ಪಿದ" ಎಂದು ಮೂಲೆಯಿಂದ ದನಿ ಬಂತು.

ಅತ್ತೆ ಅಲ್ಲೇ ಇದ್ದರು. ಅವರನ್ನು ನಾವಿಬ್ಬರೂ ಮರೆತೇಬಿಟ್ಟಿದ್ದೆವು. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ದಾರದ ತುದಿ.

ಏನು ಒಪ್ಪಿದೆ ಎಂದು ಭಾವ ಕೇಳಿದರು.

"ಕೋಣಿ ಬಿಡ್ತೀರೋ ಇಲ್ಲೋ ಅಂತ ಕೇಳಿದ್ಲು. ನೀ ತಲಿ ಆಡಿಸಿದಿ ಪಂಪ್ಯಾ. ಒಮ್ಮೆ ಅಲ್ಲ, ಎರಡು ಸಲ."

"ಅದು ಮರ್ಯಾದಿಗೆ ಆಡಿಸಿದ್ದಬೇ."

"ನನ್ನ ಹುಣಸಿಮರಾನೂ ಮರ್ಯಾದಿಗೇ ಹೋತ್ರೀ" ಎಂದಳು ಕಾಶವ್ವ, ಬೀದಿ ಬಾಗಿಲಿನಿಂದ. ಸೆರಗು ಕಿವಿಯ ಮೇಲೇನೋ ಇತ್ತು, ಆದರೆ ಅಷ್ಟು ಬಿಗಿಯಾಗಿರಲಿಲ್ಲ ಎಂದು ಕಾಣುತ್ತದೆ.

ಭಾವ ಅವಳತ್ತ ನೋಡಲಿಲ್ಲ. ತಾಯಿಗೆ, ಅದೇ ಮೆತ್ತನೆಯ ದನಿಯಲ್ಲಿ, ಸಿಟ್ಟಿನ ಮಾತನ್ನು ಕೇಳಬಾರದಿತ್ತು, ಕೇಳಿದ್ದನ್ನು ಹೇಳುವುದಂತೂ ಇನ್ನೂ ತಪ್ಪು ಎಂದರು. ಅತ್ತೆ ದಾರದ ತುದಿಯನ್ನು ತುಟಿಯಲ್ಲಿ ತೇವ ಮಾಡಿಕೊಂಡರು.

"ಎದ್ದು ಹೋಗಾಕ ಮೊಣಕಾಲು ಒಪ್ಪಲಿಲ್ಲ. ಕಿವಿ ಮುಚ್ಚಾಕ ಕೈಯಾಗ ಸೂಜಿ ಇತ್ತು. ಕೇಳಿಸ್ತು. ಕೇಳಿಸಿದ ಮ್ಯಾಲ ಪೂರಾ ಕೇಳು."

ಹೀಗೆ ಹೇಳಿ ಅವರು ನನ್ನ ಮಾತನ್ನೆಲ್ಲ ಮೊದಲಿನಿಂದ ಒಪ್ಪಿಸತೊಡಗಿದರು. ಒಂದಿಷ್ಟೂ ಸಿಟ್ಟಿಲ್ಲ. ಸಂತೆಯಿಂದ ಏನೇನು ತಂದೆ ಎಂದು ಹೇಳುವವರ ಧಾಟಿ. ಮಗಳು, ನುಗ್ಗೆಮರ, ಸೀರೆ. ನಾನು ಗೋಡೆ ಹಿಡಿದು ನಿಂತಿದ್ದೆ. ನನ್ನ ಒಂದೊಂದು ಮಾತೂ ಭಾವನ ಮುಖವನ್ನು ತಲುಪುವುದು ನನಗೆ ಕಾಣುತ್ತಿತ್ತು. ಇಷ್ಟು ವರ್ಷ ನಾನು ಎಸೆದ ಕಲ್ಲು ಯಾವ ಬಾವಿಗೆ ಬಿತ್ತೋ ಎಂದು ಕಿವಿಗೊಟ್ಟು ನಿಂತವಳಿಗೆ, ಈಗ ಕೊನೆಗೂ ನೀರಿನ ಸದ್ದು ಕೇಳಿಸಿದ ಹಾಗಾಯಿತು. ಒದ್ದೆ ಅರಿವೆಯ ಮಾತಿಗೆ ಬಂದಾಗ ಅತ್ತೆ ಸ್ವಲ್ಪ ತಡೆದರು.

"ಇದು ಆಕಿ ಅಂದದ್ದು. ಆದ್ರ ನನಗೂ ಹಂಗ ಅನಸ್ತಿತ್ತು. ನಿಮ್ಮಪ್ಪನ ಕಾಲದಾಗಿಂದ."

ಅಷ್ಟರಲ್ಲಿ ಜೆರಾಕ್ಸ್ ಅಂಗಡಿಯವನು ಅಳತೆಯ ಟೇಪು ಹಿಡಿದು ಬಂದು, ಬಾಗಿಲಲ್ಲಿ ನಿಂತ ಹೆಂಗಸರ ನಡುವೆ ದಾರಿಗಾಗಿ ಕಾಯುತ್ತ ನಿಂತ. ಅವರು ಸರಿಯಲಿಲ್ಲ. ಒಬ್ಬಳು ಅವನಿಗೆ, ಕೋಣಿ ನಮಗ ಕೊಟ್ಟಾಗೇತಿ ತಮ್ಮಾ, ಈಗಷ್ಟ ತಲಿ ಆಡಿಸಿದ್ರು ಎಂದಳು. ಅವನು ಭಾವನ ಮುಖ ನೋಡಿದ. ನಮ್ಮೂರಿನವನು, ತಲೆಯಾಡಿಸಿದ್ದರ ಬೆಲೆ ಅವನಿಗೂ ಗೊತ್ತಿತ್ತು. ಆ ಬೆಲೆಯನ್ನು ಕಟ್ಟಿದವರೇ ಭಾವ. ಟೇಪನ್ನು ಕಿಸೆಗೆ ಹಾಕಿಕೊಂಡು, ಬಸ್‌ಸ್ಟ್ಯಾಂಡಿನ ಹತ್ತಿರ ಬೇರೊಂದು ಜಾಗ ನೋಡಿದ್ದೇನೆ ಎನ್ನುತ್ತ ಹಿಂದಕ್ಕೆ ಸರಿದ.

ಆಗ ಭಾವ ನನ್ನ ಕಡೆ ತಿರುಗಿದರು. ಅವರ ಬಾಯಿ ತೆರೆಯಿತು. ತುಟಿ ಆಡಿತು. ನನಗೆ ಏನೂ ಕೇಳಿಸಲಿಲ್ಲ.

ಅವರು ಬೇಕೆಂದೇ ದನಿ ತಗ್ಗಿಸಿದ್ದಾರೆ ಎಂದುಕೊಂಡು ನಾನು ಮೊದಲು ಒಂದು ಹೆಜ್ಜೆ ಮುಂದೆ ಹೋದೆ. ಆಮೇಲೆ ತಿಳಿಯಿತು. ಅವರ ಕುತ್ತಿಗೆಯ ನರ ಉಬ್ಬಿತ್ತು, ಜುಬ್ಬಾದ ಕಾಲರು ಓರೆಯಾಗಿತ್ತು, ಬಾಯಿ ದೊಡ್ಡದಾಗಿ ತೆರೆದು ಮುಚ್ಚುತ್ತಿತ್ತು. ಬುಟ್ಟಿಗೆ ಬಿದ್ದ ಮೀನಿನ ಹಾಗೆ. ನಾನು ಅವರಿಗೆ ಇಷ್ಟು ವರ್ಷ ಹೀಗೆಯೇ ಕಂಡಿದ್ದೆನೇ? ನೋಡುವವರಿಗೆ ಇದು ಇಷ್ಟು ಸುಲಭವೇ? ಎದುರಿನ ಮನುಷ್ಯ ಒಳಗಿನದ್ದನ್ನೆಲ್ಲ ಕಿತ್ತು ಹೊರಗೆ ಹಾಕುತ್ತಿರುವಾಗ ಹೊರಗೆ ಹೋಗುವ ಎತ್ತಿನ ಗಾಡಿಯ ಗೆಜ್ಜೆ ಕೇಳಿಸುತ್ತದೆ, ನಲ್ಲಿಗೆ ನೀರು ಬಂದದ್ದು ಕೇಳಿಸುತ್ತದೆ. ಬಾಗಿಲಲ್ಲಿದ್ದ ಹೆಂಗಸರು ಒಬ್ಬರೂ ಕಿವಿ ಮುಚ್ಚಿಕೊಂಡಿರಲಿಲ್ಲ. ಚಾವಡಿಯ ಕಟ್ಟೆಯ ಹಿರಿಯರ ಹಾಗೆ ನೆಟ್ಟಗೆ ನಿಂತು ಕೇಳುತ್ತಿದ್ದರು.

ಹುಟ್ಟಿದಾಗಿನಿಂದ ಕಲಿತ ಅಭ್ಯಾಸ. ನನ್ನ ಕುತ್ತಿಗೆ ತಾನಾಗಿಯೇ ಬಗ್ಗತೊಡಗಿತು.

"ತಲಿ ಆಡಿಸಬ್ಯಾಡ" ಎಂದರು ಅತ್ತೆ, ಸೂಜಿಯಿಂದ ಕಣ್ಣೆತ್ತದೆ.

ನಾನು ಆಡಿಸಲಿಲ್ಲ. ಕತ್ತನ್ನು ನೆಟ್ಟಗೆ ಹಿಡಿದು, ಅವರ ತುಟಿ ನಿಲ್ಲುವವರೆಗೂ ಅವರನ್ನೇ ನೋಡುತ್ತ ನಿಂತೆ. ಅದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಅವರ ಬಾಯಿ ನಿಂತಿತು. ತಮ್ಮ ಕೈಯಲ್ಲಿ ಇನ್ನೂ ಕೌದಿಯ ತುದಿ ಇರುವುದನ್ನು ಕಂಡು, ಅದನ್ನು ಕೆಳಗೆ ಹಾಸಿ, ಸುಕ್ಕನ್ನು ಅಂಗೈಯಿಂದ ಒಮ್ಮೆ ಸವರಿ, ಒಳಗೆ ಹೋದರು.

ಹೆಂಗಸರು ಬಂದು ಕೂತರು. ತಮ್ಮ ತಮ್ಮ ಸೂಜಿ ಹುಡುಕಿಕೊಂಡರು. ನಾನು ಅತ್ತೆಯ ಪಕ್ಕದಲ್ಲೇ ಕೂತೆ. ಭಾವ ಏನೆಂದರು ಎಂದು ಅವರ ಕಿವಿಯಲ್ಲಿ ಕೇಳಿದೆ.

"ಹೊಸಾದೇನಿಲ್ಲ" ಎಂದರು ಅತ್ತೆ. "ಈ ಮನ್ಯಾಗ ನನ್ನ ಮಾತು ಯಾರು ಕೇಳ್ತಾರ ಅಂದ."

ಕಾಶವ್ವ ಮೊದಲು ನಕ್ಕಳು. ಆಮೇಲೆ ಎಲ್ಲರೂ. ನನಗೆ ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು, ಅದಕ್ಕೆ ಕಾರಣ ಹುಡುಕಲು ಹೋಗಲಿಲ್ಲ. ಎದೆಯ ಮೇಲಿಂದ ಯಾರೋ ನೀರು ತುಂಬಿದ ಕೊಡ ಇಳಿಸಿದಂತಿತ್ತು. ಉಸಿರು ಎಷ್ಟು ಒಳಗೆ ಹೋಗುತ್ತದೆಂದು ಪರೀಕ್ಷಿಸುವವಳ ಹಾಗೆ ಸುಮ್ಮನೆ ಎರಡು ಸಲ ಉಸಿರಾಡಿದೆ.

ರೇವಣ್ಣ ಬಾಗಿಲಲ್ಲಿ ಇಣುಕಿ, ಮೇಲಿನ ಓಣಿಗೆ ಬಿಡಬೇಕಾದ ನೀರನ್ನು ಗಾಬರಿಯಲ್ಲಿ ನಮ್ಮ ಓಣಿಗೇ ಬಿಟ್ಟು ಬಂದೆ ಎಂದರು. ಹಾಗಾದರೆ ಒಂದು ಕೊಡ ತುಂಬಿ ತನ್ನಿ, ಎಲ್ಲರಿಗೂ ಚಹಾ ಇಡುತ್ತೇನೆ ಎಂದೆ. ಅಡುಗೆಮನೆಯಲ್ಲಿ ಸಕ್ಕರೆಯ ಡಬ್ಬಿ ಎದುರಿಗೇ ಇತ್ತು. ನಾನು ಅದನ್ನು ಬಿಟ್ಟು ನವಿಲಿನ ಡಬ್ಬಿಯನ್ನು ತೆಗೆದು, ಉಳಿದಿದ್ದ ಹರಳುಗಳನ್ನೆಲ್ಲ ಕುದಿಯುವ ಚಹಾಕ್ಕೆ ಸುರಿದೆ. ಹೆಂಗಸರಿಗೆ ಕೊಟ್ಟು, ಅತ್ತೆಗೆ ಕೊಟ್ಟು, ಒಂದು ಲೋಟವನ್ನು ಭಾವನ ಕೋಣೆಗೆ ನಾನೇ ಒಯ್ದೆ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಸಕ್ಕರಿ ಭಾಳ ಆತು ಚಂಪಾ."

ದನಿ ಸ್ವಲ್ಪ ಒಡೆದಿತ್ತು. ಆದರೆ ನನಗೆ ಕೇಳಿಸಿತು.

"ಹೌದ್ರಿ ಭಾವ. ಇದ್ದದ್ದೆಲ್ಲ ಹಾಕೀನಿ, ಇನ್ನ ಇಲ್ಲ" ಎಂದೆ.

ಅವರು ತಲೆಯಾಡಿಸಲು ಹೋಗಿ, ನಡುವೆಯೇ ನಿಲ್ಲಿಸಿ, "ಹೂಂ, ಕೇಳಿಸ್ತು" ಎಂದರು.

ನವಿಲಿನ ಡಬ್ಬಿಯನ್ನು ತೊಳೆದು ಬಿಸಿಲಿಗಿಟ್ಟೆ. ಈಗ ಅದು ಬೀದಿ ಕೋಣೆಯಲ್ಲಿ ಅತ್ತೆಯ ಮಗ್ಗುಲಲ್ಲೇ ಇರುತ್ತದೆ. ಅದರ ತುಂಬ ಸೂಜಿಗಳು.